ಅಕ್ಕನ ಆಕ್ಷೇಪಣೆ ಮತ್ತು ಅರವತ್ತೆರಡು ಮೀಟರ್ ಓಣಿ

ನಗರಸಭೆಯ ರಸ್ತೆ ವಿಭಾಗದಲ್ಲಿ ಅವನನ್ನು ಎಲ್ಲರೂ ಷರಾ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಸರ್ವೇಯರ್ ಆಗಿ ದುಡಿದ ಅವನು ಒಂದೇ ಒಂದು ಕಡತದಲ್ಲೂ ‘ಆಗಬಹುದು’ ಎಂದಾಗಲಿ ‘ಆಗದು’ ಎಂದಾಗಲಿ ಬರೆದವನಲ್ಲ. ಹಾಳೆಯ ಅಂಚಿನಲ್ಲಿ ‘ಷರಾ’ ಎಂದು ಗೀಚಿ, ಅದರ ಕೆಳಗೆ ಅಳತೆ, ತಾರೀಕು, ಸಹಿ ಇಷ್ಟನ್ನು ಹಾಕಿ, ಕಡತವನ್ನು ಮೇಲಿನವರ ಮೇಜಿಗೆ ದೂಡಿ ಟೀ ಕುಡಿಯಲು ಹೊರಟುಬಿಡುತ್ತಿದ್ದ. ಅಭಿಪ್ರಾಯ ಕೊಟ್ಟವರೆಲ್ಲ ಒಂದಲ್ಲ ಒಂದು ದಿನ ಸಿಕ್ಕಿಹಾಕಿಕೊಂಡದ್ದನ್ನು ಅವನು ಕಣ್ಣಾರೆ ಕಂಡಿದ್ದ. ಅಳತೆ ಕೊಟ್ಟವನ ಕೂದಲನ್ನೂ ಯಾರೂ ಕೊಂಕಿಸಲಾರರು ಎಂಬುದು ಅವನ ಗಟ್ಟಿ ನಂಬಿಕೆ.

ಆ ನಂಬಿಕೆಗೆ ಸಂಚಕಾರ ತಂದದ್ದು ಒಂದು ಓಣಿ.

ಓಣಿಯ ಉದ್ದ ಅರವತ್ತೆರಡು ಮೀಟರ್, ಅಗಲ ಮೂರೂಕಾಲು. ಒಂದು ತುದಿಗೆ ಬಸ್ಸು ನಿಲ್ಲುವ ದೊಡ್ಡ ರಸ್ತೆ, ಇನ್ನೊಂದು ತುದಿಗೆ ಶಾಲೆ ಮತ್ತು ಹೆರಿಗೆ ಆಸ್ಪತ್ರೆ ಇರುವ ಚಿಕ್ಕ ರಸ್ತೆ. ಕಾರೊಂದು ಒಳಗೆ ನುಗ್ಗಿದರೆ ನಡೆಯುವವರು ಹೊಟ್ಟೆ ಒಳಗೆಳೆದುಕೊಂಡು ಗೋಡೆಗೆ ಹಚ್ಚಿದ ಪೋಸ್ಟರಿನಂತೆ ನಿಲ್ಲಬೇಕು. ನಡುವೆ ಒಂದು ಜೆರಾಕ್ಸ್ ಅಂಗಡಿ, ಗಡಿಯಾರ ರಿಪೇರಿಯವನ ಗೂಡು, ಆಚೆ ಪೇಟೆ ಬೀದಿಗೆ ಮುಖ ಮಾಡಿದ್ದ ಕ್ಷೌರದಂಗಡಿಯೊಂದರ ಹಿಂಬಾಗಿಲು, ಮತ್ತು ಯಾರು ಎಷ್ಟು ತಿರುಗಿಸಿದರೂ ತೊಟ್ಟಿಕ್ಕುವುದನ್ನು ನಿಲ್ಲಿಸದ ಒಂದು ನಲ್ಲಿ. ದೊಡ್ಡ ರಸ್ತೆಯ ತುದಿಯಲ್ಲಿ ಎಡಕ್ಕೂ ಬಲಕ್ಕೂ ಒಬ್ಬನದೇ ಎರಡು ಅಂಗಡಿ. ಎಡಗಡೆಯದು ಸೋಫಾ, ಬಲಗಡೆಯದು ಮಂಚ. ಊರಿನವರು ಅವನನ್ನು ಸೋಫಾ ಸಾಹುಕಾರ ಎನ್ನುತ್ತಿದ್ದರು. ಕುಳಿತಲ್ಲೇ ಜಾರಿ ಜಾರಿ ಮಲಗಿದಂತಾಗುವ ಅವನ ಭಂಗಿಗೂ ಆ ಹೆಸರು ಒಪ್ಪುತ್ತಿತ್ತು.

ಸಾಹುಕಾರನ ಕೊರಗು ಇಷ್ಟೇ: ಸೋಫಾ ನೋಡಿದ ಗಿರಾಕಿ ಮಂಚ ನೋಡಲು ಓಣಿ ದಾಟಬೇಕು. ದಾಟುವಷ್ಟರಲ್ಲಿ ಗಾಳಿ ಬೀಸುತ್ತದೆ, ತಲೆ ತಣ್ಣಗಾಗುತ್ತದೆ, ಹೆಂಡತಿ ‘ಮನೇಲಿರೋ ಮಂಚಕ್ಕೇನಾಗಿದೆ?’ ಎಂದು ಕೇಳುತ್ತಾಳೆ. ವ್ಯಾಪಾರ ಅಲ್ಲಿಗೆ ಖಲಾಸ್. ಓಣಿಯ ಮೇಲೆ ಚಾವಣಿ ಹಾಕಿ ಎರಡೂ ಅಂಗಡಿಯನ್ನು ಒಂದು ಮಾಡಿಬಿಟ್ಟರೆ ಗಿರಾಕಿಗೆ ಯೋಚನೆ ಮಾಡಲು ಸಂದೇ ಇರುವುದಿಲ್ಲ. ಆದ್ದರಿಂದ ‘ಸದರಿ ಓಣಿಯನ್ನು ಬೆಕ್ಕುಗಳ ಹೊರತು ಯಾರೂ ಬಳಸುತ್ತಿಲ್ಲ, ಶಾಶ್ವತವಾಗಿ ಮುಚ್ಚಿ ನನಗೆ ಕೊಡತಕ್ಕದ್ದು’ ಎಂದು ಅವನು ಅರ್ಜಿ ಹಾಕಿದ.

ಸಾರ್ವಜನಿಕರ ರಸ್ತೆಯನ್ನು ಮುಚ್ಚುವುದು ಕಿಟಕಿ ಮುಚ್ಚಿದಷ್ಟು ಸುಲಭವಲ್ಲ. ಮೊದಲು ಎಲ್ಲ ಇಲಾಖೆಗಳನ್ನೂ ಕೇಳಬೇಕು. ಕೇಳಿದರು. ನೀರಿನವರು ‘ಕೆಳಗೆ ನಮ್ಮ ಪೈಪು ಇದೆ ಎಂದು ನೆನಪು’ ಎಂದು ಉತ್ತರ ಬರೆದರು. ವಿದ್ಯುತ್ತಿನವರು ‘ಕಂಬ ಮುಟ್ಟದಿದ್ದರೆ ಅಭ್ಯಂತರವಿಲ್ಲ, ಮುಟ್ಟಿದರೆ ನಾವು ಜವಾಬ್ದಾರರಲ್ಲ’ ಎಂದರು. ಅಗ್ನಿಶಾಮಕದವರದು ಎಲ್ಲಕ್ಕಿಂತ ಪ್ರಾಮಾಣಿಕವಾದ ಉತ್ತರ: ‘ತೆರೆದಿದ್ದಾಗಲೂ ನಮ್ಮ ವಾಹನ ಒಳಗೆ ಹೋಗುತ್ತಿರಲಿಲ್ಲ.’ ಆಮೇಲೆ ಮೂವತ್ತು ದಿನ ನೋಟಿಸು ಹಚ್ಚಬೇಕು. ಹಚ್ಚಿದರು. ಆದರೆ ಹಚ್ಚಿದ ಮರುಗಳಿಗೆಯೇ ಸಾಹುಕಾರನ ಲಾರಿ ಬಂದು ಓಣಿಯ ಬಾಯಲ್ಲಿದ್ದ ಆ ಗೋಡೆಗೆ ಮೈ ತಾಗಿಸಿ ನಿಂತಿತು. ರಾತ್ರಿ ಹೋಗಿ ಬೆಳಿಗ್ಗೆ ಬಂದು ಮತ್ತೆ ಅಲ್ಲೇ ನಿಂತಿತು. ಇಪ್ಪತ್ತೇಳು ದಿನ ಆ ನೋಟಿಸನ್ನು ಓದಿದ್ದು ಲಾರಿಯ ಹಿಂಬದಿಯ ದೀಪ ಮಾತ್ರ.

ಇಪ್ಪತ್ತೆಂಟನೆಯ ದಿನ ಷರಾನ ಅಕ್ಕ ಆ ದಾರಿಯಲ್ಲಿ ಬಂದಳು.

ಅಕ್ಕನಿಗೆ ಐವತ್ತೊಂಬತ್ತು. ಇಪ್ಪತ್ತು ವರ್ಷದಿಂದ ಶಾಲೆಯ ಮಕ್ಕಳ ವ್ಯಾನು ಓಡಿಸುತ್ತಿದ್ದಳು. ಹನ್ನೊಂದು ಮಕ್ಕಳು, ಹನ್ನೊಂದು ಚೀಲ, ಒಂದು ಹಾರ್ನು. ದೊಡ್ಡ ರಸ್ತೆಯಿಂದ ಶಾಲೆಗೆ ಓಣಿಯಲ್ಲಿ ನುಸುಳಿದರೆ ಒಂದು ನಿಮಿಷ. ಸುತ್ತಿ ಹೋದರೆ ಮುಕ್ಕಾಲು ಕಿಲೋಮೀಟರು, ಎರಡು ಸಿಗ್ನಲ್ಲು. ಲಾರಿಗೂ ಗೋಡೆಗೂ ನಡುವೆ ವ್ಯಾನನ್ನು ಉಸಿರು ಬಿಗಿಹಿಡಿದು ದಾಟಿಸುವುದು ಅವಳಿಗೆ ಅಭ್ಯಾಸವಾಗಿತ್ತು. ಆವತ್ತು ಸಂಜೆ ಮಕ್ಕಳನ್ನು ಕರೆತರುವಾಗ ಲಾರಿ ಇನ್ನೂ ಅರ್ಧ ಅಡಿ ಈಚೆಗಿತ್ತು. ಅವಳು ಹಾರ್ನಿನ ಮೇಲೆ ಅಂಗೈ ಊರಿ ತೆಗೆಯಲೇ ಇಲ್ಲ. ಹೆರಿಗೆ ಆಸ್ಪತ್ರೆಯ ಕಿಟಕಿಗಳೆಲ್ಲ ತೆರೆದುಕೊಂಡ ಮೇಲೆ ಲಾರಿ ಮುಂದಕ್ಕೆ ಹೋಯಿತು. ಗೋಡೆಯ ಮೇಲೆ ನೋಟಿಸು ಕಾಣಿಸಿತು. ಅಕ್ಕ ಇಳಿದು, ಸೆರಗಿನಿಂದ ಧೂಳು ಒರೆಸಿ, ಎರಡು ಸಲ ಓದಿದಳು. ಮೂರನೆಯ ಸಲ ಮಕ್ಕಳಿಗೆ ಕೇಳಿಸುವಂತೆ ಓದಿದಳು. ನಡುನಡುವೆ ಸೇರಿಸಿದ ಮಾತುಗಳು ನೋಟಿಸಿನಲ್ಲಿರಲಿಲ್ಲ.

ಎರಡೇ ದಿನದಲ್ಲಿ ನಾಲ್ಕು ಪುಟದ ಆಕ್ಷೇಪಣೆ ನಗರಸಭೆಗೆ ಬಂತು. ‘ಈ ಓಣಿಯಲ್ಲಿ ದಿನಕ್ಕೆ ನೂರಾರು ವಾಹನಗಳು ಓಡಾಡುತ್ತವೆ’ ಎಂಬುದು ಅದರ ಮೊದಲ ಸಾಲು. ಅದೊಂದೇ ಆಕ್ಷೇಪಣೆ. ಆದರೆ ಒಂದು ಬಂದರೂ ಸಾಕು, ಎಣಿಕೆ ಆಗಬೇಕು, ವಿಚಾರಣೆ ನಡೆಯಬೇಕು. ರಸ್ತೆ ವಿಭಾಗದ ದೊಡ್ಡ ಇಂಜಿನಿಯರ್ ಷರಾನನ್ನು ಕರೆದು ಕಡತವನ್ನು ಮುಂದೆ ಹಾಕಿದರು.

“ಭಾನುವಾರ ಮಧ್ಯಾಹ್ನ ಹೋಗಿ ಎರಡು ಗಂಟೆ ಕೂತ್ಕೊಂಡು ಬನ್ನಿ. ಎಷ್ಟು ಜನ ಬಂದ್ರು, ಎಷ್ಟು ಗಾಡಿ ಬಂತು, ಬರ್ಕೊಂಡು ಬನ್ನಿ. ಮುಗೀತು.”

ಷರಾ ಹೆಸರು ನೋಡಿ ಬೆವೆತ. “ಸಾರ್, ಆಕ್ಷೇಪಣೆ ಹಾಕಿರೋರು ನಮ್ಮಕ್ಕ.”

“ಸ್ವಂತ ಅಕ್ಕಾನಾ?”

“ಹೌದು ಸಾರ್.”

“ಒಳ್ಳೇದೇ ಆಯ್ತಲ್ಲ! ಮನೇಲೇ ಕೂತು ಬಗೆಹರಿಸ್ಬಿಡಿ.”

“ಅದಲ್ಲ ಸಾರ್. ಶಾಶ್ವತವಾಗಿ ಮುಚ್ಚೋದಾದ್ರೆ ವಾರದ ಏಳೂ ದಿನ, ಬೆಳಿಗ್ಗೆ ಆರರಿಂದ ಸಂಜೆ ಏಳರ ತನಕ ಎಣಿಸ್ಬೇಕು ಅಂತ ನಿಯಮ ಇದೆ.”

“ನಿಯಮಾನೆಲ್ಲ ಯಾರ್ರೀ ಓದ್ತಾರೆ?”

“ನಾನು ಓದ್ಬಿಟ್ಟಿದೀನಿ ಸಾರ್,” ಎಂದ ಷರಾ, ತಪ್ಪೊಪ್ಪಿಕೊಳ್ಳುವವನಂತೆ.

ಆ ಸಂಜೆಯೇ ಅಕ್ಕನ ಮನೆಯಿಂದ ಬುಲಾವ್ ಬಂತು. ಅಡುಗೆಮನೆಯಲ್ಲಿ ಅಕ್ಕ ಅವನ ಮುಂದೆ ಟೀ ಲೋಟ ಕುಕ್ಕಿದಳು. ಭಾವ ಮೂಲೆಯಲ್ಲಿ ಕೂತು ಪೇಪರು ಓದುತ್ತಿರುವಂತೆ ನಟಿಸುತ್ತಿದ್ದರು, ಪೇಪರು ನಿನ್ನೆಯದು.

“ನೀನೇ ಎಣಿಸ್ತೀಯಂತೆ?”

“ಹೂಂ.”

“ನೂರಾರು ಅಂತ ಬರೆದಿದೀನಿ. ನೂರು ತೋರಿಸು ಸಾಕು. ಒಂದೊಂದು ಅಂಕಿ ಮುಂದೆ ಒಂದೊಂದು ಸೊನ್ನೆ ಇಟ್ರೆ ನಿನ್ನ ಪೆನ್ನಿನ ಇಂಕೇನು ಬತ್ತಿ ಹೋಗತ್ತಾ?”

“ಇರೋದನ್ನ ಇದ್ದ ಹಾಗೆ ಬರೀತೀನಿ ಅಕ್ಕಾ.”

“ಇದ್ದ ಹಾಗೆ!” ಅಕ್ಕ ಸೌಟು ಎತ್ತಿಕೊಂಡಳು. “ನಿಂಗೆ ಏಳು ವರ್ಷ ಆಗಿದ್ದಾಗ ಸ್ಕೂಲಿನ ಗಾಜು ಒಡೆದೋನು ಯಾರು? ನೀನು. ನಾನು ಒಡೆದೆ ಅಂತ ಹೋಗಿ ಬಿಸಿಲಲ್ಲಿ ನಿಂತೋಳು ಯಾರು? ನಾನು. ಆವತ್ತು ನಾನು ಇದ್ದದ್ದು ಇದ್ದ ಹಾಗೆ ಹೇಳಿದ್ನಾ?”

ಷರಾ ಭಾವನ ಕಡೆ ನೋಡಿದ. ಭಾವ ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿದರು.

ಸೋಮವಾರ ಬೆಳಿಗ್ಗೆ ಆರಕ್ಕೆ ಷರಾ ಮಡಿಸುವ ಸ್ಟೂಲು, ಉದ್ದನೆಯ ರಿಜಿಸ್ಟರು, ನೀರಿನ ಬಾಟಲಿ ಹಿಡಿದು ಓಣಿಯ ನಡುಮಧ್ಯ ಜೆರಾಕ್ಸ್ ಅಂಗಡಿಯ ಜಗಲಿಯಲ್ಲಿ ಕೂತ. ಹತ್ತು ಗಂಟೆಗೆ ಸೋಫಾ ಸಾಹುಕಾರನ ಇಬ್ಬರು ಕೆಲಸಗಾರರು ಒಂದು ಮಹಾಕಾಯದ ಕುರ್ಚಿಯನ್ನು ಹೊತ್ತು ತಂದರು. ಪಕ್ಕದ ಹಿಡಿಕೆ ಎಳೆದರೆ ಬೆನ್ನು ಹಿಂದಕ್ಕೆ ಬಾಗಿ, ಕಾಲಡಿಯ ದಿಂಬು ಮೇಲೇಳುವ ಜಾತಿಯದು. ಹಿಂದೆಯೇ ಸಾಹುಕಾರ ಬಂದ.

“ಸಾರ್, ಏಳು ದಿನ ಸ್ಟೂಲಲ್ಲಿ ಕೂತ್ರೆ ಸೊಂಟ ಏನಾಗ್ಬೇಕು? ಇದ್ರಲ್ಲಿ ಒರಗಿ. ಕಣ್ಣು ಹತ್ತಿದ್ರೆ ಹತ್ಲಿ, ಹೇಗಿದ್ರೂ ಇಲ್ಲಿ ಯಾರೂ ಬರಲ್ಲ.”

ಅವನು ಹಾಗೆ ಹೇಳುತ್ತಿರುವಾಗಲೇ ಮೂವರು ದಾದಿಯರು, ಒಬ್ಬ ತರಕಾರಿಯವಳು, ಕಾಲಿಗೆ ಬ್ಯಾಂಡೇಜು ಸುತ್ತಿದ ಒಬ್ಬ ಮುದುಕ ಕುರ್ಚಿಯನ್ನು ಸುತ್ತು ಹಾಕಿ ದಾಟಿದರು. ಷರಾ ಐದು ಗೆರೆ ಎಳೆದ. “ಬೇಡ ಸಾರ್, ನಂಗೆ ಸ್ಟೂಲೇ ಅಭ್ಯಾಸ,” ಎಂದ. ಸಾಹುಕಾರ ಹೋದ, ಕುರ್ಚಿ ಅಲ್ಲೇ ಉಳಿಯಿತು. ಮಧ್ಯಾಹ್ನದ ಹೊತ್ತಿಗೆ ಹೆರಿಗೆ ಆಸ್ಪತ್ರೆಗೆ ಹೊರಟಿದ್ದ ತುಂಬು ಬಸುರಿಯೊಬ್ಬಳು ಅದರಲ್ಲಿ ಕೂತು, ಹಿಡಿಕೆ ಎಳೆದು, “ಅಬ್ಬಾ, ನಗರಸಭೆಯೋರಿಗೂ ಬುದ್ಧಿ ಬಂತು” ಎಂದಳು. ಮರುದಿನದಿಂದ ಕುರ್ಚಿಗೆ ಪಾಳಿ ಶುರುವಾಯಿತು.

ಓಣಿಯನ್ನು ಷರಾ ಕಾಗದದ ಮೇಲೆ ಎಷ್ಟೋ ಸಲ ನೋಡಿದ್ದ: ಎರಡು ಸಮಾನಾಂತರ ಗೆರೆ, ನಡುವೆ ಒಂದು ಅಂಕಿ. ಆ ಅಂಕಿಯೊಳಗೆ ಇಷ್ಟೊಂದು ಗದ್ದಲ ಇದ್ದೀತು ಎಂದುಕೊಂಡಿರಲಿಲ್ಲ. ಆರೂವರೆಗೆ ಆಸ್ಪತ್ರೆಯ ಪಾಳಿ ಬದಲು. ಏಳಕ್ಕೆ ಹಾಲಿನ ಕ್ಯಾನು. ಎಂಟರಿಂದ ಬಸ್ಸಿಳಿದವರ ಸಾಲು; ಅದರಲ್ಲಿ ಒಬ್ಬಾಕೆ ದಿನಾ ನಡೆಯುತ್ತಲೇ ಜಡೆ ಹೆಣೆದುಕೊಳ್ಳುತ್ತಿದ್ದಳು, ಜೆರಾಕ್ಸ್ ಅಂಗಡಿಯ ಮುಂದೆ ಬರುವಾಗ ಸರಿಯಾಗಿ ರಿಬ್ಬನ್ನು ಕಟ್ಟುತ್ತಿದ್ದಳು. ಮಧ್ಯಾಹ್ನ ಮೂರೂವರೆಗೆ ಕುರುಡರೊಬ್ಬರು ಕೋಲಿನಿಂದ ಎಡಗೋಡೆ ತಟ್ಟುತ್ತ ಬಂದು, ನಲ್ಲಿಯ ಹನಿ ಸದ್ದು ಕೇಳಿ ಅಲ್ಲಿಂದ ಹನ್ನೆರಡು ಹೆಜ್ಜೆ ಎಣಿಸಿ ತಿರುಗುತ್ತಿದ್ದರು. ನಲ್ಲಿ ರಿಪೇರಿ ಮಾಡಿಸಬೇಕು ಎಂದು ಹೊರಟಿದ್ದ ಷರಾ ಅದನ್ನು ನೋಡಿ ಸುಮ್ಮನಾದ. ಹೊತ್ತು ಕಳೆಯಲು ಜೆರಾಕ್ಸಿನವಳ ಜೊತೆ ಮಾತಿಗಿಳಿದರೆ ಎಣಿಕೆ ತಪ್ಪುತ್ತಿತ್ತು. ಅವಳೇ “ಮೂರು ಜನ ಹೋದ್ರು ಸಾರ್, ಬರ್ಕೊಳ್ಳಿ” ಎಂದು ನೆನಪಿಸುತ್ತಿದ್ದಳು.

ವಾಹನಗಳ ಕಾಲಮ್ಮು ಮಾತ್ರ ಬಿಕೋ ಎನ್ನುತ್ತಿತ್ತು. ಬೆಳಿಗ್ಗೆ ಏಳೂನಲವತ್ತಕ್ಕೆ ಅಕ್ಕನ ಹಳದಿ ವ್ಯಾನು ಹಾರ್ನು ಹೊಡೆಯುತ್ತ ಬರುತ್ತಿತ್ತು. ನಡೆಯುತ್ತಿದ್ದವರೆಲ್ಲ ಗೋಡೆಗೆ ಅಂಟಿಕೊಳ್ಳುತ್ತಿದ್ದರು, ಕುರ್ಚಿಯಲ್ಲಿದ್ದವರು ಕಾಲು ಎತ್ತಿಕೊಳ್ಳುತ್ತಿದ್ದರು. ಅಕ್ಕ ತಮ್ಮನ ಪಕ್ಕ ಬಂದಾಗ ಕೈ ಹೊರಗೆ ಹಾಕಿ ಐದೂ ಬೆರಳು ತೋರಿಸುತ್ತಿದ್ದಳು. ಇದನ್ನು ಐದು ಅಂತ ಬರಿ ಎಂದು ಅದರ ಅರ್ಥ. ಅವನು ಒಂದು ಎಂದು ಬರೆಯುತ್ತಿದ್ದ.

ಮಂಗಳವಾರ ಮಧ್ಯಾಹ್ನ ಎರಡೂಹತ್ತಕ್ಕೆ ಒಬ್ಬ ಮನುಷ್ಯ ಛತ್ರಿ ಬಿಚ್ಚಿಕೊಂಡು ಓಣಿಗೆ ಬಂದ. ಮಳೆ ಇರಲಿಲ್ಲ, ಓಣಿಯಲ್ಲಿ ಆ ಹೊತ್ತಿಗೆ ಬಿಸಿಲೂ ಇರುವುದಿಲ್ಲ. ಛತ್ರಿಯನ್ನು ಮುಖದ ಮಟ್ಟಕ್ಕೆ ಇಳಿಸಿಕೊಂಡಿದ್ದ. ಕ್ಷೌರದಂಗಡಿಯ ಹಿಂಬಾಗಿಲನ್ನು ಎರಡು ಸಲ ತಟ್ಟಿ ಒಳಗೆ ನುಸುಳಿದ. ಮೂರೂಕಾಲಿಗೆ ಅದೇ ಛತ್ರಿ ಹೊರಗೆ ಬಂತು. ಷರಾಗೆ ಕಂಡದ್ದು ಸೊಂಟದಿಂದ ಕೆಳಗಿನ ಭಾಗ ಮಾತ್ರ: ಬಿಳಿ ಪ್ಯಾಂಟು, ಬಿಳಿ ಬೂಟು. ಆ ಬೂಟು ಯಾರದೆಂದು ನಗರಸಭೆಯ ಜವಾನನಿಗೂ ಗೊತ್ತು. ರಸ್ತೆ ಸಮಿತಿಯ ಅಧ್ಯಕ್ಷರು ಅರವತ್ತೈದು ದಾಟಿದರೂ ತಲೆ ಕಾಡಿಗೆಯಷ್ಟು ಕಪ್ಪು. ‘ಚಿಂತೆ ಮಾಡದವನಿಗೆ ಕೂದಲು ನೆರೆಯಲ್ಲ ಕಣ್ರೀ’ ಎಂದು ಅವರು ಪ್ರತಿ ಭಾಷಣದಲ್ಲೂ ಹೇಳುವುದಿತ್ತು. ಷರಾ ಎರಡು ಗೆರೆ ಎಳೆದ. ವಿವರದ ಕಾಲಮ್ಮಿನಲ್ಲಿ ‘ಛತ್ರಿ’ ಎಂದಷ್ಟೇ ಬರೆದ. ಶುಕ್ರವಾರವೂ ಛತ್ರಿ ಬಂತು.

ಭಾನುವಾರ ಸಂಜೆ ಏಳಕ್ಕೆ ಅವನು ಗೆರೆಗಳನ್ನು ಕೂಡಿಸಿದ. ನಡೆದು ಹೋದವರು ಎರಡು ಸಾವಿರದ ಏಳುನೂರ ನಾಲ್ಕು. ವಾಹನ ಮೂವತ್ತೊಂದು. ಎರಡನೆಯ ಮೊತ್ತವನ್ನು ಅವನು ಮೂರು ಸಲ ಕೂಡಿಸಿ ನೋಡಿದ. ಮೂರು ಸಲವೂ ಮೂವತ್ತೊಂದೇ.

ವಿಚಾರಣೆ ಗುರುವಾರ ಹನ್ನೊಂದಕ್ಕೆ. ನಗರಸಭೆಯ ಸಭಾಂಗಣದಲ್ಲಿ ಏಳು ಜನ ಸದಸ್ಯರು, ನಡುವೆ ಅಧ್ಯಕ್ಷರು, ಪಕ್ಕದಲ್ಲಿ ದೊಡ್ಡ ಇಂಜಿನಿಯರ್. ಎದುರಿಗೆ ಒಂದು ಕಡೆ ಸೋಫಾ ಸಾಹುಕಾರ, ಇನ್ನೊಂದು ಕಡೆ ಅಕ್ಕ. ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು, ವ್ಯಾನಿನ ಕೀ ಗೊಂಚಲನ್ನು ಆಯುಧದಂತೆ ಮುಂದಿಟ್ಟುಕೊಂಡಿದ್ದಳು. ಬಾಗಿಲಲ್ಲಿ ತಮ್ಮ ಎದುರಾದಾಗ ಕಿವಿಯಲ್ಲಿ ಹೇಳಿದ್ದಳು: “ಒಳಗೆ ನನ್ನ ಅಕ್ಕ ಗಿಕ್ಕ ಅನ್ಬೇಡ. ನಾನ್ಯಾರೋ ನೀನ್ಯಾರೋ.”

ಸಾಹುಕಾರ ಮೊದಲು ಮಾತಾಡಿದ. ಓಣಿ ಸತ್ತು ಹೋಗಿದೆ ಎಂದ. ಅದನ್ನು ಮುಚ್ಚುವುದು ಅದಕ್ಕೇ ಮಾಡುವ ಉಪಕಾರ ಎಂದ. ಚಾವಣಿ, ಬಣ್ಣದ ದೀಪ, ನಗರಸಭೆಗೆ ಬರುವ ಜಾಗದ ಬೆಲೆ, ಎಲ್ಲವನ್ನೂ ವರ್ಣಿಸಿದ. ಅಧ್ಯಕ್ಷರು ಪ್ರತಿ ಮಾತಿಗೂ ತಲೆದೂಗಿದರು. ಆಮೇಲೆ ಅಕ್ಕ ಎದ್ದಳು.

“ಸತ್ತು ಹೋಗಿದ್ರೆ ಇವ್ರು ಅದರ ಬಾಯಿಗೆ ಲಾರಿ ಯಾಕೆ ತುರುಕ್ತಿದ್ರು? ಬಾಯಿ ಮುಚ್ಚಿ ಕೂರಿಸಿ, ಮಾತೇ ಆಡಲ್ಲ ಅಂತ ದೂರು ಕೊಟ್ಟ ಹಾಗಾಯ್ತು. ದಿನಕ್ಕೆ ನೂರಾರು ಗಾಡಿ ಓಡಾಡತ್ತೆ ಸ್ವಾಮಿ. ಲೆಕ್ಕ ಹಾಕಿದಾರೆ, ಕೇಳಿ ನೋಡಿ.”

ಷರಾ ರಿಜಿಸ್ಟರು ಹಿಡಿದು ಏಳುವಷ್ಟರಲ್ಲಿ ಸಾಹುಕಾರ ಕೈ ಎತ್ತಿದ. ಇದಕ್ಕಾಗಿಯೇ ಕಾದಿದ್ದ ಅಂತ ಕಾಣುತ್ತದೆ.

“ಅಧ್ಯಕ್ಷರೇ, ಒಂದು ನಿಮಿಷ. ಎಣಿಸಿರೋ ಈ ಮಹಾಶಯರು ಯಾರು ಅಂತ ಸಭೆಗೆ ಗೊತ್ತಾ? ಆಕ್ಷೇಪಣೆ ಹಾಕಿರೋ ಅಮ್ಮನ ಒಡಹುಟ್ಟಿದ ತಮ್ಮ! ಅಕ್ಕ ಅರ್ಜಿ ಬರೀತಾಳೆ, ತಮ್ಮ ಲೆಕ್ಕ ಬರೀತಾನೆ!”

ಸಭೆ ಗುಜುಗುಜು ಎಂದಿತು. ಅರೆನಿದ್ದೆಯಲ್ಲಿದ್ದ ಸದಸ್ಯರೊಬ್ಬರು ಕಣ್ಣು ಬಿಟ್ಟರು. ಷರಾ ದೊಡ್ಡ ಇಂಜಿನಿಯರ್ ಕಡೆ ನೋಡಿದ. ಅವರು ಫ್ಯಾನಿನ ರೆಕ್ಕೆ ಎಣಿಸುತ್ತಿದ್ದರು.

“ಹೌದೇನ್ರೀ?” ಎಂದರು ಅಧ್ಯಕ್ಷರು.

“ಹೌದು ಸಾರ್. ನಮ್ಮಕ್ಕ.”

ಅಕ್ಕ ಹಲ್ಲು ಕಡಿದಳು.

“ಹಾಗಾದ್ರೆ ಮೊತ್ತ ಮಾತ್ರ ಹೇಳಿದ್ರೆ ಆಗಲ್ಲ,” ಎಂದ ಸಾಹುಕಾರ. “ಒಂದೊಂದು ಸಾಲೂ ಓದ್ಲಿ. ಕಳ್ಳಲೆಕ್ಕ ಅಲ್ಲೇ ಸಿಗತ್ತೆ. ಮೊದ್ಲು ಗಾಡಿಗಳದ್ದು!”

ಷರಾ ಕನ್ನಡಕ ಏರಿಸಿದ. ಅಕ್ಕನ ಕಡೆ ನೋಡಬಾರದು ಎಂದುಕೊಂಡು ನೋಡಿದ. ಅವಳು ಮೆಲ್ಲನೆ ಬೆರಳು ಬಿಡಿಸಿ ಐದು ತೋರಿಸುತ್ತಿದ್ದಳು.

“ಸೋಮವಾರ,” ಎಂದು ಓದಿದ. “ಏಳೂನಲವತ್ತು, ಹಳದಿ ಬಣ್ಣದ ಶಾಲಾ ವ್ಯಾನು, ಒಂದು. ಎಂಟೂಐದು, ಅದೇ ವ್ಯಾನು ವಾಪಸು. ಒಂಬತ್ತು ಗಂಟೆ, ಸೋಫಾ ಅಂಗಡಿಯ ಲಾರಿ, ಒಳಗೆ ಬಂದು ನಿಂತಿತು. ಮೂರೂವರೆ, ಹಳದಿ ವ್ಯಾನು. ನಾಲ್ಕು, ಹಳದಿ ವ್ಯಾನು ವಾಪಸು. ಮಂಗಳವಾರ. ಏಳೂನಲವತ್ತು, ಹಳದಿ ವ್ಯಾನು...”

ಬುಧವಾರದ ಲೆಕ್ಕ ಓದುವ ಹೊತ್ತಿಗೆ ಸದಸ್ಯರು ಮುಸಿಮುಸಿ ನಗತೊಡಗಿದರು. ಗುರುವಾರ ದಾರಿ ತಪ್ಪಿದ ಒಂದು ಸ್ಕೂಟರು ಬಂದಾಗ ಒಬ್ಬರು “ಭೇಷ್!” ಎಂದರು. ಕೊನೆಗೆ ಮೊತ್ತ: ವಾರಕ್ಕೆ ಮೂವತ್ತೊಂದು, ಅದರಲ್ಲಿ ಇಪ್ಪತ್ತು ಅಕ್ಕನ ವ್ಯಾನು, ಆರು ಸಾಹುಕಾರನ ಲಾರಿ, ಐದು ದಾರಿ ತಪ್ಪಿದವರು. ಅಕ್ಕ ಬೆರಳು ಮಡಚಿಕೊಂಡಿದ್ದಳು. ಕೆನ್ನೆ ಕೆಂಪಾಗಿತ್ತು.

ಸಾಹುಕಾರ ಕುಣಿಯುವುದೊಂದು ಬಾಕಿ. “ಕೇಳಿದ್ರಾ? ಸ್ವಂತ ತಮ್ಮನೇ ಹೇಳ್ತಿದಾನೆ! ತಮ್ಮಯ್ಯ ಬಲೇ ನ್ಯಾಯವಂತ, ನಾನೇ ತಪ್ಪು ತಿಳ್ಕೊಂಡಿದ್ದೆ. ಇನ್ನು ನಡೆಯೋರದ್ದೂ ಓದಿಬಿಡ್ಲಿ, ಅದೂ ಇಷ್ಟೇ ಇರತ್ತೆ.”

ಷರಾ ಪುಟ ತಿರುಗಿಸಿದ. ಸೋಮವಾರ ಮುನ್ನೂರ ತೊಂಬತ್ತೆಂಟು. ಸಾಹುಕಾರನ ನಗೆ ಅರ್ಧಕ್ಕೆ ನಿಂತಿತು. ಒಂದೊಂದು ಸಾಲೂ ಓದಬೇಕೆಂದು ಅವನೇ ಅಪ್ಪಣೆ ಮಾಡಿಸಿದ್ದರಿಂದ ಷರಾ ಒಂದನ್ನೂ ಬಿಡಲಿಲ್ಲ: ದಾದಿಯರು, ಹಾಲಿನವ, ಬಸುರಿಯರು, ಜಡೆಯಾಕೆ, ಕೋಲು ಹಿಡಿದವರು. ಮಂಗಳವಾರಕ್ಕೆ ಬಂದ.

“ಎರಡು ಗಂಟೆ ಹತ್ತು ನಿಮಿಷ. ಪಾದಚಾರಿ ಒಬ್ಬರು. ವಿವರ: ಛತ್ರಿ. ಕ್ಷೌರದಂಗಡಿಯ ಹಿಂಬಾ...”

“ಸಾಕು!” ಎಂದರು ಅಧ್ಯಕ್ಷರು, ಕುರ್ಚಿಯಿಂದ ಅರ್ಧ ಎದ್ದು. ಕೈ ತಾನಾಗಿ ತಲೆಯ ಮೇಲೆ ಹೋಗಿತ್ತು. “ಸಾಕ್ರೀ, ಅರ್ಥ ಆಯ್ತು. ಜನ ಓಡಾಡ್ತಾರೆ. ಯಾರ್ಯಾರಿಗೋ ಏನೇನೋ ಕೆಲಸ ಇರತ್ತೆ. ಅದನ್ನೆಲ್ಲ ಸಭೇಲಿ ಓದೋದು ಸಭ್ಯತೆ ಅಲ್ಲ.”

“ಛತ್ರಿ ಯಾಕೆ?” ಎಂದು ಆಗಷ್ಟೇ ಎಚ್ಚರವಾಗಿದ್ದ ಸದಸ್ಯರು ಕೇಳಿದರು. “ಮಳೆ ಎಲ್ಲಿತ್ತು?”

“ನೀವು ಸುಮ್ನಿರ್ರೀ!” ಅಧ್ಯಕ್ಷರು ನೀರು ಕುಡಿದರು. ಸಾವರಿಸಿಕೊಂಡು ಷರಾನ ಕಡೆ ತಿರುಗಿದರು. “ನೋಡಿ, ಒಟ್ಟಿನಲ್ಲಿ ನಿಮ್ಮ ಅಭಿಪ್ರಾಯ ಏನು? ಮುಚ್ಚಬೇಕೋ ಬೇಡ್ವೋ?”

ಇಪ್ಪತ್ತಾರು ವರ್ಷದಲ್ಲಿ ಆ ಪ್ರಶ್ನೆಯಿಂದ ಷರಾ ನೂರು ಸಲ ನುಣುಚಿಕೊಂಡಿದ್ದ. ‘ಅಳತೆ ಕೊಟ್ಟಿದೀನಿ ಸಾರ್, ತಾವೇ ನಿರ್ಧಾರ ಮಾಡಿ’ ಎಂಬ ಮಾತು ನಾಲಿಗೆಯ ತುದಿಗೆ ಬಂದೂ ಬಂತು. ಆದರೆ ಏಳು ದಿನ ಸ್ಟೂಲಿನ ಮೇಲೆ ಕೂತಿದ್ದಾಗ ದಿನಕ್ಕೆ ನಾಲ್ಕು ಸಲ ಆ ಕುರುಡರು, ಆ ಬಸುರಿಯರು ಹಾರ್ನಿಗೆ ಬೆಚ್ಚಿ ಗೋಡೆಗೆ ಒತ್ತಿಕೊಳ್ಳುವುದನ್ನು ಅವನು ನೋಡಿದ್ದ. ಹಾರ್ನು ಒಡಹುಟ್ಟಿದವಳದು ಎಂದು ಅದನ್ನು ಕಂಡೂ ಕಾಣದ ಹಾಗೆ ಮಾಡುವುದು ಹೇಗೆ?

“ನಡೆಯೋರಿಗೆ ಓಣಿ ಬೇಕೇ ಬೇಕು ಸಾರ್,” ಎಂದ. ದನಿ ಅವನಿಗೇ ಅಪರಿಚಿತವಾಗಿತ್ತು. “ಮುಚ್ಚಬಾರ್ದು. ಆದ್ರೆ ಗಾಡಿಗಳಿಗೆ ಬೇಡ. ಅವಕ್ಕೆ ಸುತ್ತು ದಾರಿ ಇದೆ.”

ಕೀ ಗೊಂಚಲು ನೆಲಕ್ಕೆ ಬಿದ್ದ ಸದ್ದು ಇಡೀ ಸಭೆಗೆ ಕೇಳಿಸಿತು.

ಅಧ್ಯಕ್ಷರಿಗೆ ಈ ಮಾತು ಜೇನಿನಷ್ಟು ಸಿಹಿಯಾಯಿತು. ಗಾಡಿಗಳಿಲ್ಲದ, ಮುಚ್ಚದ, ಹಿಂಬಾಗಿಲು ಹಿಂಬಾಗಿಲಾಗಿಯೇ ಉಳಿಯುವ ಓಣಿ! ತಡಮಾಡದೆ ಮತಕ್ಕೆ ಹಾಕಿದರು. ಐದು ಕೈ ಮೇಲೆದ್ದವು. ಆರನೆಯವರು ಪಕ್ಕದವರನ್ನು ನೋಡಿ ಎತ್ತಿದರು. ಛತ್ರಿಯ ವಿಷಯ ಕೇಳಿದ ಸದಸ್ಯರು ಮತ್ತೆ ನಿದ್ದೆ ಹೋಗಿದ್ದರು. ಅವರನ್ನು ಎಬ್ಬಿಸಲು ಅಧ್ಯಕ್ಷರಿಗೆ ಮನಸ್ಸಿರಲಿಲ್ಲ. ‘ಸದರಿ ಓಣಿಯನ್ನು ವಾಹನಗಳಿಗೆ ಶಾಶ್ವತವಾಗಿ ಮುಚ್ಚಲಾಗಿದೆ, ನಡೆಯುವವರಿಗೆ ಶಾಶ್ವತವಾಗಿ ತೆರೆಯಲಾಗಿದೆ’ ಎಂದು ನಡಾವಳಿ ಪುಸ್ತಕದಲ್ಲಿ ದಾಖಲಾಯಿತು. ಇನ್ನು ಮುಂದೆ ಚಾವಣಿ ಕೇಳಬಾರದು, ಬಾಯಿಗೆ ಲಾರಿ ನಿಲ್ಲಿಸಬಾರದು ಎಂಬ ಎರಡು ಸಾಲು ಸಾಹುಕಾರನ ಪಾಲಿಗೆ ಬಂದವು.

ಹೊರಗೆ ಮೆಟ್ಟಿಲ ಮೇಲೆ ಅಕ್ಕ ನಿಂತಿದ್ದಳು. ಷರಾ ಹತ್ತಿರ ಹೋದ.

“ಅಕ್ಕಾ, ಓಣಿ ಉಳೀತು.”

“ಉಳೀತಾ?” ಅಕ್ಕ ಅವನ ಮುಖ ನೋಡಲಿಲ್ಲ. “ನಾಲ್ಕು ಪುಟ ಬರೆದೋಳು ನಾನು. ಲಾರಿ ಸರಿಸಿದೋಳು ನಾನು. ಇಡೀ ಊರಿಗೆ ಓಣಿ ಸಿಕ್ತು, ನನ್ನೊಬ್ಬಳಿಗೆ ಬಿಟ್ಟು. ಭಲೇ ತಮ್ಮ.” ವ್ಯಾನು ಹತ್ತಿ, ಖಾಲಿ ರಸ್ತೆಯಲ್ಲೂ ಹಾರ್ನು ಹೊಡೆದುಕೊಂಡು ಹೋದಳು.

ಹತ್ತು ದಿನದಲ್ಲಿ ಓಣಿಯ ಎರಡೂ ತುದಿಗೆ ಮೂರು ಮೂರು ಕಬ್ಬಿಣದ ಗಿಡ್ಡ ಕಂಬ ನೆಟ್ಟರು. ಅಕ್ಕ ಮಾತು ಬಿಟ್ಟಳು. ಬಿಟ್ಟಳು ಎಂದರೆ ನೇರವಾಗಿ ಬಿಟ್ಟಳು. ಬೈಗುಳಗಳೆಲ್ಲ ಭಾವನ ಫೋನಿನ ಮೂಲಕ ತಪ್ಪದೆ ತಲುಪುತ್ತಿದ್ದವು.

“ನಿಮ್ಮಕ್ಕ ಹೇಳ್ತಿದಾಳೆ, ಇವತ್ತು ಎರಡ್ನೇ ಸಿಗ್ನಲ್ಲಲ್ಲಿ ಒಂಬತ್ತು ನಿಮಿಷ ನಿಂತಿದ್ಲಂತೆ,” ಎನ್ನುತ್ತಿದ್ದರು ಭಾವ, ವಾರ್ತೆ ಓದುವವರ ದನಿಯಲ್ಲಿ. ಹಿಂದಿನಿಂದ ಅಕ್ಕನ ಧ್ವನಿ ಕೇಳುತ್ತಿತ್ತು: “ಅದರ ಮುಂದಿನದ್ದೂ ಹೇಳಿ!”

“ಅದನ್ನ ನಾನು ಹೇಳಲ್ಲಪ್ಪ,” ಎಂದು ಭಾವ ಫೋನು ಇಡುತ್ತಿದ್ದರು.

ಮೂರು ವಾರ ಹೀಗೇ ನಡೆಯಿತು. ಷರಾ ತಾನು ಹೇಳಿದ್ದು ಸರಿ ಎಂದು ತನಗೆ ತಾನೇ ದಿನಕ್ಕೆ ಹತ್ತು ಸಲ ಹೇಳಿಕೊಂಡ. ಹತ್ತು ಸಲವೂ ಸರಿ ಎನಿಸುತ್ತಿತ್ತು. ಎದೆಯ ಭಾರ ಮಾತ್ರ ಗುಲಗಂಜಿಯಷ್ಟೂ ಇಳಿಯಲಿಲ್ಲ. ಒಂದು ಸಲ ರಜೆ ಚೀಟಿ ಬರೆಯುವಾಗ ಕಾರಣದ ಜಾಗದಲ್ಲಿ ‘ಅಕ್ಕ’ ಎಂದು ಬರೆದು ಹೊಡೆದುಹಾಕಿದ.

ಕಂಬಗಳು ಗಟ್ಟಿಯಾಗಿ ಕೂತಿವೆಯೇ ಎಂದು ನೋಡಲು ಒಂದು ಸೋಮವಾರ ಬೆಳಿಗ್ಗೆ ಅವನು ಓಣಿಗೆ ಹೋದ. ಸೋಫಾ ಸಾಹುಕಾರ ಕಂಬಗಳ ಪಕ್ಕ ನಾಲ್ಕು ಕುರ್ಚಿ ಹಾಕಿ ‘ಕೂತು ನೋಡಿ’ ಎಂದು ಬೋರ್ಡು ತೂಗುಹಾಕಿದ್ದ. ನಡೆಯುವವರೆಲ್ಲ ಗಿರಾಕಿಗಳೇ ಎಂಬ ಜ್ಞಾನೋದಯ ತಡವಾಗಿ ಆಗಿತ್ತು. ಈಗ ಎದುರಾದವರಿಗೆಲ್ಲ ‘ಓಣಿ ಉಳಿಸಿದ್ದೇ ನಾನು’ ಎನ್ನುತ್ತಿದ್ದನಂತೆ.

ಏಳೂನಲವತ್ತಕ್ಕೆ ದೊಡ್ಡ ರಸ್ತೆಯಲ್ಲಿ ಹಳದಿ ವ್ಯಾನು ಬಂದು ನಿಂತಿತು. ಬಾಗಿಲು ಸರ್ರನೆ ತೆರೆಯಿತು. ಅಕ್ಕ ಹನ್ನೊಂದು ಮಕ್ಕಳನ್ನು ಇಳಿಸಿ, ಒಬ್ಬರ ಹಿಂದೊಬ್ಬರನ್ನು ನಿಲ್ಲಿಸಿ, ಅತಿ ಚಿಕ್ಕವರ ನಾಲ್ಕು ಚೀಲಗಳನ್ನು ತಾನೇ ಹೆಗಲಿಗೆ ಹಾಕಿಕೊಂಡು ಕಂಬಗಳ ನಡುವೆ ನಡೆದು ಬಂದಳು. ಸುತ್ತು ದಾರಿಯಲ್ಲಿ ಹೋಗಿ ಮಕ್ಕಳಿಗೆ ದಿನಾ ಹೊತ್ತಾಗಿ, ಶಾಲೆಯ ಹೆಡ್‌ಮೇಡಂ ಕಿಡಿಕಾರಿದ ಮೇಲೆ ಅವಳು ಕಂಡುಕೊಂಡ ಉಪಾಯ ಅದು. ಮಂಡಿ ನೋವಿನಿಂದ ಒಂದು ಕಾಲು ಎಳೆದು ಹಾಕುತ್ತಿದ್ದಳು. ಷರಾಗೆ ಓಡಿಹೋಗಬೇಕೆನಿಸಿತು, ಓಣಿಯಲ್ಲಿ ಅಡಗಲು ಜಾಗವಿರಲಿಲ್ಲ.

ಅಕ್ಕ ಅವನ ಮುಂದೆ ನಿಂತಳು. ಇಪ್ಪತ್ತೆರಡು ಕಣ್ಣುಗಳೂ ಅವನ ಮೇಲೆ ನೆಟ್ಟವು.

“ಇವ್ರೇನಾ ಅಜ್ಜಿ, ಆ ಕತ್ತೆ?” ಎಂದು ಒಂದು ಪುಟ್ಟಿ ಕೇಳಿತು.

“ಹಾಗೆಲ್ಲ ಅನ್ಬಾರ್ದು,” ಎಂದಳು ಅಕ್ಕ. “ನಾನು ಅನ್ಬಹುದು. ನೀನು ಮಾಮ ಅನ್ನು.” ಆಮೇಲೆ ತಮ್ಮನ ಕಡೆ ಎರಡು ಚೀಲ ಚಾಚಿದಳು. “ಕಣ್ಣು ಕಣ್ಣು ಬಿಟ್ಕೊಂಡು ನಿಂತಿದೀಯಲ್ಲ, ಹಿಡ್ಕೋ.”

ಷರಾ ಹಿಡಿದುಕೊಂಡ. ಎರಡನೆಯ ತರಗತಿಯ ಚೀಲ ಇಷ್ಟು ಭಾರ ಇರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಇಬ್ಬರೂ ಮಕ್ಕಳ ಸಾಲಿನ ಹಿಂದೆ ನಡೆದರು. ನಡೆಯುತ್ತ ನಲ್ಲಿಯ ಹತ್ತಿರ ಬಂದರು.

“ನಾನು ಹಾರ್ನು ಹೊಡೆದಾಗ ಇವ್ರೆಲ್ಲ ಬೆಚ್ಚಿ ಬೀಳ್ತಿದ್ರಾ?” ಎಂದು ಅಕ್ಕ ಇದ್ದಕ್ಕಿದ್ದಂತೆ ಕೇಳಿದಳು.

“ಬೀಳ್ತಿದ್ರು.”

“ಒಳಗೆ ಕೂತೋಳಿಗೆ ಅದು ಗೊತ್ತಾಗಲ್ಲ ಕಣೋ.” ಸ್ವಲ್ಪ ದೂರ ಹೋಗಿ ಸೇರಿಸಿದಳು, “ಗೊತ್ತಾಗಿದ್ರೂ ಹೊಡೀತಿದ್ದೆ ಅನ್ನು.”

ಷರಾ ನಕ್ಕ. ನಕ್ಕದ್ದು ತಪ್ಪಾಯಿತೇನೋ ಎಂದು ನಿಲ್ಲಿಸಿದ.

“ಹಲ್ಲು ಕಿರೀಬೇಡ. ಇನ್ನೂ ಕ್ಷಮಿಸಿಲ್ಲ,” ಎಂದಳು ಅಕ್ಕ. “ನಾಳೇನೂ ಬಾ. ಇನ್ನೆರಡು ಚೀಲ ಇದೆ.”

ಶಾಲೆಯ ಗಂಟೆ ಹೊಡೆಯಿತು. ಸಾಲು ಕಿತ್ತುಕೊಂಡು ಮಕ್ಕಳು ಓಡತೊಡಗಿದರು. ಅಕ್ಕ, ತಮ್ಮ ಇಬ್ಬರೂ ಚೀಲ ಹೊತ್ತುಕೊಂಡು ಅವರ ಹಿಂದೆ ಏದುಸಿರು ಬಿಡುತ್ತ ಓಡಿದರು.